ಒಬ್ಬರೇ ಬೆಟ್ಟದ ದೂರದ ದಾರಿ ನಡೆಯುವ ದಿನ: ಹಿಂದಿನ ರಾತ್ರಿಯಿಂದ ವಾಪಸ್ ಬರುವವರೆಗೆ

ಗುಂಪಿನಲ್ಲಿ ಬೆಟ್ಟ ಹತ್ತುವಾಗ ಯಾರಾದರೂ ಒಬ್ಬರು ಬಾಯಿ ಬಿಡುತ್ತಾರೆ. "ಯಾಕೆ ಕುಂಟ್ತಾ ಇದ್ದೀಯ?" ಅಂತ ಒಬ್ಬರು. "ಆ ಕಡೆ ಮೋಡ ಕಪ್ಪಾಗ್ತಿದೆ, ಇಳಿಯೋಣ" ಅಂತ ಇನ್ನೊಬ್ಬರು. "ಇದು ದಾರಿ ಅಲ್ಲ ಅನ್ಸುತ್ತೆ" ಅಂತ ಹಿಂದಿನಿಂದ ಮತ್ತೊಬ್ಬರು. ಒಬ್ಬರೇ ಹೋದ ದಿನ ಈ ಮಾತು ಹೇಳುವವರು ಯಾರೂ ಇರುವುದಿಲ್ಲ.

ಈ ಲೇಖನದ ಬಹುಪಾಲು ಹೆಜ್ಜೆಗಳು ಆ ಇನ್ನೊಬ್ಬರ ಜಾಗ ತುಂಬುವುದಕ್ಕೇ ಇವೆ. ಒಂದಷ್ಟನ್ನು ಚೀಟಿಯಲ್ಲಿ ಬರೆದಿಡಬೇಕು. ಒಂದಷ್ಟನ್ನು ಗಡಿಯಾರಕ್ಕೆ ಒಪ್ಪಿಸಬೇಕು. ಇನ್ನೊಂದಷ್ಟನ್ನು ಮನೆಯಲ್ಲಿರುವವರಿಗೆ ವಹಿಸಬೇಕು.

ಮೊದಲೇ ಹೇಳಿಬಿಡುತ್ತೇನೆ. ಜೊತೆಯವರೊಂದಿಗೆ ದಿನಕ್ಕೆ 15 ಕಿಲೋಮೀಟರ್ ಬೆಟ್ಟದ ದಾರಿಯನ್ನು ನಾಲ್ಕೈದು ಸಲವಾದರೂ ನಡೆದು ಅಭ್ಯಾಸವಾಗಿರಬೇಕು. ಒಂಟಿಯಾಗಿ ಮೊದಲ ಸಲ ಹೊರಟಾಗ ನಿಮಗೆ ಗೊತ್ತಿರುವ ದಾರಿಯನ್ನೇ ಆರಿಸಿಕೊಳ್ಳಿ. ಅನುಮತಿ ಬೇಕಾದ ಜಾಗವಾದರೆ ಮುಂಚೆಯೇ ವಿಚಾರಿಸಿ, ಕೆಲವು ಕಡೆ ಒಬ್ಬರನ್ನೇ ಒಳಗೆ ಬಿಡುವುದಿಲ್ಲ.

ದಾರಿಯ ಲೆಕ್ಕ

ಬೆಟ್ಟದಲ್ಲಿ ದೂರವನ್ನು ಗಂಟೆಯಲ್ಲಿ ಅಳೆಯಬೇಕು, ಬರೀ ಕಿಲೋಮೀಟರ್ ನೋಡಿದರೆ ಮೋಸ ಹೋಗುತ್ತೀರಿ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಒಂದು ಸರಳ ಲೆಕ್ಕ ಕೊಟ್ಟರು. ಇವತ್ತಿಗೂ ಅದೇ ಬಳಕೆಯಲ್ಲಿದೆ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ.

ಒಂದು ಉದಾಹರಣೆ ಮಾಡೋಣ. ಹೋಗುವುದು 11 ಕಿಲೋಮೀಟರ್, ಬರುವುದು 11. ಏರು 1,200 ಮೀಟರ್, ಎಲ್ಲವೂ ಹೋಗುವಾಗಲೇ. ಹೋಗಲು 2 ಗಂಟೆ 12 ನಿಮಿಷ, ಏರಿಗೆ 2 ಗಂಟೆ, ಒಟ್ಟು 4 ಗಂಟೆ 12 ನಿಮಿಷ. ಬರಲು 2 ಗಂಟೆ 12 ನಿಮಿಷ. ಆದರೆ ಈ ಲೆಕ್ಕ ಒಳ್ಳೆಯ ದಾರಿಯಲ್ಲಿ ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ ಮಾತ್ರ. ಕಲ್ಲು, ಕೆಸರು, ಬೆನ್ನಿನ ಭಾರ ಎಲ್ಲ ಸೇರಿದಾಗ ನಾನು ಕಾಲು ಭಾಗ ಜಾಸ್ತಿ ಹಿಡಿಯುತ್ತೇನೆ. ಆಗ ಹೋಗಲು 5 ಗಂಟೆ 15 ನಿಮಿಷ, ಬರಲು 2 ಗಂಟೆ 45 ನಿಮಿಷ. ಕೂತು ಎದ್ದು ಮಾಡುವುದಕ್ಕೆ ಇನ್ನೊಂದು ಗಂಟೆ. ಒಟ್ಟು 9 ಗಂಟೆ.

ಈಗ ಸೂರ್ಯ ಮುಳುಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಸೂರ್ಯಾಸ್ತ ಸಂಜೆ 6:15ಕ್ಕೆ ಅಂದುಕೊಳ್ಳಿ. ಕೈಯಲ್ಲಿ ಎರಡು ಗಂಟೆ ಉಳಿಸಿಕೊಂಡರೆ 4:15ಕ್ಕೆ ಕೆಳಗಿರಬೇಕು. ಇಳಿಯಲು ವಿರಾಮ ಸೇರಿ ಮೂರು ಗಂಟೆಗೂ ಸ್ವಲ್ಪ ಹೆಚ್ಚು ಬೇಕು. ಅಂದರೆ ಮಧ್ಯಾಹ್ನ 1ಕ್ಕೆ ಎಲ್ಲಿದ್ದರೂ ಅಲ್ಲಿಂದಲೇ ತಿರುಗಬೇಕು. ಬೆಳಗ್ಗೆ 6ಕ್ಕೆ ಹೊರಟರೆ 12ರ ಸುಮಾರಿಗೆ ತುದಿ ತಲುಪುತ್ತೀರಿ. ತಡವಾಗಲು ಒಂದು ಗಂಟೆ ಇದೆ, ಅಷ್ಟೇ.

ಈ "1 ಗಂಟೆಗೆ ವಾಪಸ್" ಅನ್ನುವುದನ್ನು ಕಾಗದದ ಮೇಲೆ ದೊಡ್ಡದಾಗಿ ಬರೆಯಿರಿ. ತುದಿ ಕಣ್ಣಿಗೆ ಕಾಣುತ್ತಿರುವಾಗ, ಕಾಲು ಸೋತಿರುವಾಗ, "ಇನ್ನು ಇಪ್ಪತ್ತೇ ನಿಮಿಷ" ಅಂತ ಮನಸ್ಸು ಹೇಳುತ್ತಿರುವಾಗ ತೀರ್ಮಾನ ಮಾಡಲು ಹೋಗಬೇಡಿ. ಹಿಂದಿನ ರಾತ್ರಿ ಮೇಜಿನ ಮುಂದೆ ಕೂತಿದ್ದ ನಿಮಗೆ ಆ ಹೊತ್ತಿನ ನಿಮಗಿಂತ ತಲೆ ಚೆನ್ನಾಗಿ ಓಡುತ್ತಿತ್ತು.

ನಕ್ಷೆಯನ್ನೂ ಅವತ್ತೇ ಬಿಡಿಸಿ. 1:50,000 ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಎತ್ತರ ತೋರಿಸುವ ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದಾದ ಏರು. ನೀರು ಸಿಗುವ ಜಾಗ, ಹಳ್ಳ ದಾಟುವ ಜಾಗ, ದಾರಿ ಕವಲೊಡೆಯುವ ಜಾಗ, ಮಧ್ಯದಲ್ಲೇ ಕೆಳಗಿಳಿಯಬಹುದಾದ ದಾರಿ, ಈ ನಾಲ್ಕನ್ನು ಗುರುತು ಹಾಕಿಕೊಳ್ಳಿ. ಪ್ರತಿ ಗುರುತಿನ ಪಕ್ಕ ಎಷ್ಟು ಗಂಟೆಗೆ ಅಲ್ಲಿರುತ್ತೀರಿ ಅಂತ ಬರೆಯಿರಿ.

ಮನೆಯಲ್ಲಿ ಬಿಟ್ಟು ಹೋಗುವ ಚೀಟಿ

"ಬೆಟ್ಟಕ್ಕೆ ಹೋಗ್ತಿದೀನಿ, ಸಂಜೆ ಬರ್ತೀನಿ" ಅಂದರೆ ಸಾಲದು. ಹುಡುಕಲು ಬರುವವರಿಗೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗಬೇಕು. ಎಲ್ಲಿಂದ ಹತ್ತುತ್ತೀರಿ, ಯಾವ ದಾರಿ, ಎಲ್ಲಿ ಇಳಿಯುತ್ತೀರಿ, ದಾರಿ ಬದಲಾದರೆ ಯಾವ ಕಡೆ ಇಳಿಯಬಹುದು, ಹಾಕಿಕೊಂಡ ಬಟ್ಟೆಯ ಬಣ್ಣ, ಬ್ಯಾಗಿನ ಬಣ್ಣ, ಗಾಡಿ ನಿಲ್ಲಿಸುವ ಜಾಗ, ಫೋನ್ ನಂಬರು, ಇವೆಲ್ಲ ಬರೆದುಕೊಡಿ.

ಎರಡು ಸಮಯ ಬರೆಯುವುದು ಮುಖ್ಯ. ಒಂದು, ನೀವು ವಾಪಸ್ ಬರುವ ಸಮಯ. ಇನ್ನೊಂದು, ನಿಮ್ಮಿಂದ ಸುದ್ದಿ ಬಾರದಿದ್ದರೆ ಅವರು ರಕ್ಷಣಾ ತಂಡಕ್ಕೆ ಫೋನ್ ಮಾಡಬೇಕಾದ ಸಮಯ. ಫೋನ್ ಮಾಡಬೇಕಾದ ನಂಬರನ್ನೂ ನೀವೇ ಬರೆದುಕೊಡಿ. ಎರಡನೇ ಸಮಯ ಬರೆಯದಿದ್ದರೆ ಮನೆಯವರು "ಇನ್ನೊಂದು ಗಂಟೆ ನೋಡೋಣ" ಅಂತ ರಾತ್ರಿಯೆಲ್ಲ ಕಾಯುತ್ತಾರೆ. ಪಾಪ, ಅವರಿಗಾದರೂ ಹೇಗೆ ಗೊತ್ತಾಗಬೇಕು ಅಲ್ವಾ?

ಬ್ಯಾಗಿನಲ್ಲಿ

ಬಟ್ಟೆ ಪದರ ಪದರವಾಗಿರಲಿ: ಮೈಗೆ ಬೇಗ ಒಣಗುವ ಬನಿಯನ್ನು, ಮೇಲೆ ಬೆಚ್ಚಗಿನದೊಂದು, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಹತ್ತಿ ಬಟ್ಟೆ ಮನೆಯಲ್ಲೇ ಇರಲಿ. ಒಮ್ಮೆ ನೆನೆದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಎತ್ತರ 1,000 ಮೀಟರ್ ಏರಿದರೆ ಚಳಿ ಸುಮಾರು 6ರಿಂದ 7 ಡಿಗ್ರಿ ಜಾಸ್ತಿಯಾಗುತ್ತದೆ, ಗಾಳಿಯ ಕೊರೆತ ಬೇರೆ.

ಹೆಡ್‌ಲ್ಯಾಂಪ್ (ತಲೆಗೆ ಕಟ್ಟಿಕೊಳ್ಳುವ ದೀಪ), ಸೀಟಿ, ಚಾಕು, ತುರ್ತು ಹೊದಿಕೆ, ಪ್ರಥಮ ಚಿಕಿತ್ಸೆಯ ಸಾಮಾನು, ಅಂಟುಪಟ್ಟಿ, ಕಾಗದದ ನಕ್ಷೆ, ದಿಕ್ಸೂಚಿ, ಟೋಪಿ, ಒಂದು ಜೊತೆ ಒಣ ಕಾಲುಚೀಲ, ಒಂದು ಹೊತ್ತಿಗೆ ಜಾಸ್ತಿಯಾಗುವಷ್ಟು ತಿಂಡಿ. ಬೇಗ ವಾಪಸ್ ಬರುವ ಯೋಚನೆ ಇದ್ದರೂ ಹೆಡ್‌ಲ್ಯಾಂಪ್ ಬಿಡಬೇಡಿ. ಸೀಟಿಯನ್ನು ಬ್ಯಾಗಿನೊಳಗೆ ಹಾಕದೆ ಎದೆಯ ಪಟ್ಟಿಗೇ ಕಟ್ಟಿಕೊಳ್ಳಿ. ಬಿದ್ದು ಬ್ಯಾಗು ಕೈಗೆ ಸಿಗದ ಹೊತ್ತಿನಲ್ಲೇ ಅದು ಬೇಕಾಗುವುದು.

ಫೋನಿಗೆ ನಕ್ಷೆಯನ್ನು ಮುಂಚೆಯೇ ಇಳಿಸಿಕೊಂಡು ಏರೋಪ್ಲೇನ್ ಮೋಡ್‌ಗೆ ಹಾಕಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಅದು ಉಪಗ್ರಹದ ಸಂಕೇತವನ್ನು ಬರೀ ಕೇಳಿಸಿಕೊಳ್ಳುತ್ತದೆ. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಫೋನ್ ಒಳಜೇಬಿನಲ್ಲಿ ಮೈಗೆ ತಾಗಿಕೊಂಡಿರಲಿ. ನೆಟ್‌ವರ್ಕೇ ಸಿಗದ ದಾರಿಗಳಲ್ಲಿ ಪದೇ ಪದೇ ಒಂಟಿಯಾಗಿ ಓಡಾಡುವವರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವೊಂದನ್ನು ಇಟ್ಟುಕೊಳ್ಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಅದನ್ನು ಬಳಸಲು ಕೆಲವು ದೇಶಗಳಲ್ಲಿ ಪರವಾನಗಿ ಬೇಕು, ತಿಳಿದುಕೊಂಡೇ ಒಯ್ಯಿರಿ.

ಮೊದಲ ಗಂಟೆ

ಸ್ವಲ್ಪ ಚಳಿ ಅನ್ನಿಸುವಾಗಲೇ ಹೊರಡಿ. ಬೆಚ್ಚಗೆ ಹೊದ್ದುಕೊಂಡು ಹೊರಟರೆ ಹತ್ತೇ ನಿಮಿಷದಲ್ಲಿ ಬೆವರಿ ಒದ್ದೆಯಾಗುತ್ತೀರಿ. ಆ ಒದ್ದೆ ಮೇಲೆ ಗಾಳಿಗೆ ಸಿಕ್ಕಾಗ ಮೈ ಕೊರೆಯುತ್ತದೆ.

ಏರಿನಲ್ಲಿ ಹೆಜ್ಜೆ ಚಿಕ್ಕದಿರಲಿ. ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಹೇಳಲು ಆಗುತ್ತಿದ್ದರೆ ನಿಮ್ಮ ವೇಗ ಸರಿಯಾಗಿದೆ. ಹೇಳುವವರೂ ನೀವೇ, ಕೇಳುವವರೂ ನೀವೇ. ಜೋರಾಗಿಯೇ ಹೇಳಿ ನೋಡಿ. ಜೊತೆಯವರಿಗೆ ಹೊಂದಿಕೊಳ್ಳಬೇಕಾದ್ದಿಲ್ಲ ಅನ್ನುವುದು ಒಂಟಿ ನಡಿಗೆಯ ದೊಡ್ಡ ಸುಖ. ಶುರುವಿನಲ್ಲೇ ಜೋರಾಗಿ ನಡೆದು ಅದನ್ನು ಕಳೆದುಕೊಳ್ಳಬೇಡಿ.

ಅರ್ಧ ಗಂಟೆಯಾದ ಮೇಲೆ ಒಮ್ಮೆ ನಿಂತು ಶೂ ದಾರ ಬಿಚ್ಚಿ ಕಟ್ಟಿ. ನಡೆದಂತೆ ಪಾದ ಊದುತ್ತದೆ, ಬೆಳಗಿನ ಗಂಟು ಈಗ ಸರಿಹೋಗುವುದಿಲ್ಲ. ಹಿಮ್ಮಡಿಯಲ್ಲೋ ಕಿರುಬೆರಳಲ್ಲೋ ಬಿಸಿ ಬಿಸಿ ಅನ್ನಿಸಿದರೆ ಆ ಕ್ಷಣವೇ ಕೂತುಬಿಡಿ. ಮುಂದಿನ ತಿರುವಿನವರೆಗೂ ಹೋಗುವುದು ಬೇಡ. ಶೂ ತೆಗೆದು ಒದರಿ. ಕಾಲುಚೀಲ ತಿರುವಿ ನೋಡಿ, ಒಂದು ಹುಲ್ಲಿನ ಮುಳ್ಳೋ ಮರಳಿನ ಕಣವೋ, ಇಲ್ಲವೇ ಬಟ್ಟೆಯ ಒಂದು ಮಡಿಕೆಯೋ ಸಿಗುತ್ತದೆ. ಚರ್ಮ ಕೆಂಪಗಾಗಿ ಹೊಳೆಯುತ್ತಿದ್ದರೆ ಬೆವರು ಒರೆಸಿ, ಗಾಳಿಗೆ ಆರಲು ಬಿಡಿ. ಅಂಟುಪಟ್ಟಿ ಕತ್ತರಿಸಿ ನಾಲ್ಕು ಮೂಲೆಗಳನ್ನೂ ದುಂಡಗೆ ಮಾಡಿ. ಚೂಪು ಮೂಲೆ ಇದ್ದರೆ ಕಾಲುಚೀಲಕ್ಕೆ ಸಿಕ್ಕಿ ಏಳುತ್ತದೆ. ಸುಕ್ಕಿಲ್ಲದಂತೆ ಅಂಟಿಸಿ ಬೆರಳಿನ ಬಿಸಿ ತಾಗುವಂತೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಐದು ನಿಮಿಷದ ಕೆಲಸ. ಬಿಟ್ಟರೆ ಬೊಬ್ಬೆ ಬರುತ್ತದೆ, ಕುಂಟುತ್ತೀರಿ, ವೇಗ ಅರ್ಧಕ್ಕೆ ಇಳಿಯುತ್ತದೆ, ನಿಮ್ಮ ಸಮಯದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಗಂಟೆಗೊಮ್ಮೆ ಐದು ಪ್ರಶ್ನೆ

ಗಡಿಯಾರಕ್ಕೆ ಗಂಟೆಗೊಮ್ಮೆ ಅಲಾರಂ ಇಡಿ. ಬಾರಿಸಿದ ಕೂಡಲೇ ನಿಂತು ಈ ಐದನ್ನು ಬಾಯಿಬಿಟ್ಟು ಕೇಳಿಕೊಳ್ಳಿ. ಕಾಲು ಹೇಗಿದೆ? ಕಳೆದ ಒಂದು ಗಂಟೆಯಲ್ಲಿ ಏನು ತಿಂದೆ, ಎಷ್ಟು ಕುಡಿದೆ? ಆಕಾಶ ಹೇಗಿದೆ? ನಕ್ಷೆಯಲ್ಲಿ ನಾನೀಗ ಎಲ್ಲಿದ್ದೇನೆ? ಬರೆದ ಸಮಯಕ್ಕಿಂತ ಎಷ್ಟು ಹಿಂದಿದ್ದೇನೆ?

ಸುಮ್ನೆ ಮನಸ್ಸಿನಲ್ಲೇ ಅಂದುಕೊಂಡರೆ "ಎಲ್ಲ ಸರಿ ಇದೆ" ಅಂತ ಜಾರಿಕೊಳ್ಳುತ್ತೇವೆ. ಬಾಯಿಬಿಟ್ಟು ಹೇಳುವಾಗ ಹಾಗೆ ಜಾರಲು ಆಗುವುದಿಲ್ಲ. ಮಾತು ತೊದಲುತ್ತಿದ್ದರೆ ಅದೂ ಕಿವಿಗೆ ಬೀಳುತ್ತದೆ. ಐದರಲ್ಲಿ ಎರಡಕ್ಕೆ ಕೆಟ್ಟ ಉತ್ತರ ಬಂದರೆ ನಾನು ವಾಪಸ್ ತಿರುಗುತ್ತೇನೆ.

ದಾರಿ ಕೈ ತಪ್ಪದಂತೆ

ಕವಲು ಬಂದಾಗಲೆಲ್ಲ ಹಿಂದೆ ತಿರುಗಿ ನೋಡಿ. ಹತ್ತುವಾಗ ಕಂಡ ದಾರಿ ಇಳಿಯುವಾಗ ಬೇರೆಯೇ ಥರ ಕಾಣುತ್ತದೆ. ಬಂಡೆಯ ಆಕಾರವೋ ಒಣಮರವೋ, ವಾಪಸ್ ಬರುವಾಗ ಕಣ್ಣಿಗೆ ಬೀಳುವಂಥ ಒಂದು ಗುರುತನ್ನು ಹಿಡಿದುಕೊಳ್ಳಿ. ಫೋನಿನಲ್ಲಿ ಹಿಂದಿನ ದಿಕ್ಕಿನ ಒಂದು ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ನನಗೆ ಈ ಪಾಠ ಮಂಜಿನಲ್ಲಿ ಆಯಿತು. ಇಳಿಯುವಾಗ ದಾರಿ ಎರಡಾಗಿತ್ತು. ಹತ್ತುವಾಗ ಆ ಕವಲನ್ನು ನಾನು ಗಮನಿಸಿಯೇ ಇರಲಿಲ್ಲ, ಯಾಕೆಂದರೆ ಕೆಳಗಿನಿಂದ ಬರುವವರಿಗೆ ಅದು ಕವಲಿನಂತೆ ಕಾಣುವುದೇ ಇಲ್ಲ. ಚೆನ್ನಾಗಿ ತುಳಿದಿದ್ದ ದಾರಿ ಹಿಡಿದೆ. ದಾರಿ ತೋರಿಸಲು ಪೇರಿಸಿಟ್ಟ ಕಲ್ಲುಗುಪ್ಪೆಗಳು ಕಾಣಲಿಲ್ಲ, ಮಂಜಿಗೆ ಕಾಣುತ್ತಿಲ್ಲ ಅಂದುಕೊಂಡೆ. ಶೂ ಗುರುತು ಇರಲಿಲ್ಲ, ಮಳೆಗೆ ಅಳಿಸಿದೆ ಅಂದುಕೊಂಡೆ. ದಾರಿ ಪೊದೆಯ ಕೆಳಗೆ ನನ್ನ ಸೊಂಟದಷ್ಟು ಎತ್ತರದಲ್ಲಿ ನುಸುಳಿತು. ಆಗ ಗೊತ್ತಾಯಿತು, ಅದು ಪ್ರಾಣಿಗಳು ಓಡಾಡಿ ಆದ ದಾರಿ. ಅಷ್ಟು ಹೊತ್ತಿಗೆ 40 ನಿಮಿಷ ಇಳಿದಾಗಿತ್ತು. ವಾಪಸ್ ಹತ್ತಲು ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಕೈಯಲ್ಲಿ ಎರಡು ಗಂಟೆ ಉಳಿಸಿಕೊಂಡಿದ್ದರಿಂದ ಕತ್ತಲಿಗೆ ಮುಂಚೆ ಕೆಳಗೆ ಮುಟ್ಟಿದೆ.

ಅವತ್ತಿನಿಂದ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ದಾರಿಯ ಗುರುತು ಕಾಣದೆ 10 ನಿಮಿಷವಾದರೆ ಮುಂದಕ್ಕೆ ಒಂದು ಹೆಜ್ಜೆಯೂ ಇಲ್ಲ. ಕೊನೆಯ ಗುರುತು ಕಂಡ ಜಾಗಕ್ಕೆ ವಾಪಸ್. "ಇಲ್ಲೇ ಅಡ್ಡ ಹಾದರೆ ದಾರಿ ಸಿಗುತ್ತೆ" ಅನ್ನುವ ಯೋಚನೆ ಬಂದಾಗ ಜಾಸ್ತಿ ಹುಷಾರಾಗಿರಿ. "ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತೆ" ಅನ್ನುವುದೂ ಬೆಟ್ಟದಲ್ಲಿ ಅಪಾಯದ ಮಾತು. ಹಳ್ಳ ಎಲ್ಲಿ ಧುಮುಕುತ್ತದೋ ನಿಮಗೆ ಗೊತ್ತಿರುವುದಿಲ್ಲ.

ನೀರು, ಹಳ್ಳ

ನಡೆಯುವಾಗ ಗಂಟೆಗೆ ಸುಮಾರು ಅರ್ಧ ಲೀಟರ್ ಅಂತ ಲೆಕ್ಕ ಹಾಕಿ, ಬಿಸಿಲು ಜೋರಾಗಿದ್ದರೆ ಇನ್ನೂ ಬೇಕು. ಒಂದು ಲೀಟರ್ ನೀರು ಒಂದು ಕಿಲೋ ಭಾರ. ಹಾಗಾಗಿ ದಾರಿಯಲ್ಲಿ ಎಲ್ಲಿ ತುಂಬಿಕೊಳ್ಳುತ್ತೀರಿ ಅನ್ನುವುದು ಹಿಂದಿನ ರಾತ್ರಿಯೇ ಗೊತ್ತಿರಬೇಕು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವುದೂ ಒಳ್ಳೆಯದಲ್ಲ, ರಕ್ತದಲ್ಲಿ ಉಪ್ಪಿನ ಅಂಶ ಕಡಿಮೆಯಾಗಿ ತಲೆನೋವು, ವಾಂತಿ ಶುರುವಾಗಬಹುದು. ಜೊತೆಗೆ ಉಪ್ಪು ಇರುವ ತಿಂಡಿ ತಿನ್ನಿ.

ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೇ ಕುಡಿಯಬೇಡಿ. ಕುದಿಸುವುದಾದರೆ ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಎತ್ತರ ಹೋದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ಈ ವ್ಯತ್ಯಾಸ. ಫಿಲ್ಟರ್ ಇದ್ದರೆ ಅದು ಹೆಪ್ಪುಗಟ್ಟದಂತೆ ನೋಡಿಕೊಳ್ಳಿ. ಒಳಗಿನ ಸಣ್ಣ ಕೊಳವೆಗಳು ಬಿರುಕು ಬಿಟ್ಟರೆ ಹೊರಗೆ ಗೊತ್ತಾಗುವುದಿಲ್ಲ, ನೀರು ಮಾತ್ರ ಶುದ್ಧವಾಗುವುದು ನಿಂತಿರುತ್ತದೆ.

ಹಳ್ಳ ದಾಟುವಾಗ ಕಿರಿದಾದ ಜಾಗಕ್ಕಿಂತ ಅಗಲವಾದ ಜಾಗ ಹುಡುಕಿ, ಅಗಲವಿದ್ದಲ್ಲಿ ಆಳವೂ ಸೆಳೆತವೂ ಸಾಮಾನ್ಯವಾಗಿ ಕಡಿಮೆ. ಕೆಳಗಡೆ ಜಲಪಾತವೋ ಬಂಡೆಸಂದಿಯೋ ಇದ್ದರೆ ಅಲ್ಲಿ ದಾಟಲೇಬೇಡಿ. ಬ್ಯಾಗಿನ ಸೊಂಟಪಟ್ಟಿ, ಎದೆಪಟ್ಟಿ ಎರಡನ್ನೂ ಬಿಚ್ಚಿಕೊಳ್ಳಿ, ಬಿದ್ದರೆ ಬ್ಯಾಗನ್ನು ಬಿಟ್ಟು ಏಳಲು ಆಗಬೇಕು. ನೀರು ಬರುವ ಕಡೆಗೆ ಮುಖ ಮಾಡಿ, ಕೋಲು ಊರಿ, ಒಂದು ಸಲಕ್ಕೆ ಒಂದೇ ಕಾಲು ಎತ್ತಿ ಅಡ್ಡಡ್ಡ ಸರಿಯಿರಿ. ಸೆಳೆತದ ನೀರು ಮೊಣಕಾಲಿಗಿಂತ ಮೇಲೆ ಬಂದರೆ ಒಬ್ಬರೇ ದಾಟುವುದು ಬೇಡ. ಹಿಮ ಕರಗಿ ಬರುವ ಹಳ್ಳವಾದರೆ ಬೆಳಗ್ಗೆ ನೀರು ಕಡಿಮೆ, ಮಧ್ಯಾಹ್ನಕ್ಕೆ ಏರುತ್ತದೆ. ಬೆಳಗ್ಗೆ ಸುಲಭವಾಗಿ ದಾಟಿದ್ದನ್ನೇ ವಾಪಸ್ ಬರುವಾಗಲೂ ದಾಟಬೇಕು ಅನ್ನುವುದು ನೆನಪಿರಲಿ.

ಮೇಲೆ ತಲುಪಿದಾಗ

ಬೆಟ್ಟದ ನೆತ್ತಿಯಲ್ಲಿ ಬಿಸಿಲು ನೆಲ ಕಾಯಿಸಿದಂತೆ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಜಾಸ್ತಿ. ಬೇಗ ಹೊರಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಮಿಂಚು ಕಂಡರೆ ಗುಡುಗಿನವರೆಗೆ ಸೆಕೆಂಡು ಎಣಿಸಿ, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ನೆತ್ತಿಯಲ್ಲಿ, ಬೋಳು ಬೆಟ್ಟಸಾಲಿನ ಅಂಚಿನ ಮೇಲೆ ಇರಬಾರದು. ಇಳಿಯಿರಿ. ಒಂಟಿ ಮರದ ಕೆಳಗೂ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ವಿಪರೀತ ಸುಸ್ತು ಕಂಡರೆ ಎತ್ತರದ ತೊಂದರೆ ಅಂತಲೇ ತಿಳಿಯಿರಿ. ಮೇಲೆ ಹತ್ತಬೇಡಿ. ನಡಿಗೆ ತಟ್ಟಾಡುತ್ತಿದ್ದರೆ, ಸುಮ್ಮನೆ ಕೂತಾಗಲೂ ಉಸಿರು ಸಿಗದಿದ್ದರೆ ತಡ ಮಾಡದೆ ಇಳಿಯಿರಿ.

ಚಳಿಯ ವಿಷಯದಲ್ಲಿ ಒಂದು ಸಣ್ಣ ಪರೀಕ್ಷೆ ಕಲಿತುಕೊಳ್ಳಿ. ಹೆಬ್ಬೆರಳನ್ನು ಅದೇ ಕೈಯ ಕಿರುಬೆರಳಿಗೆ ಮುಟ್ಟಿಸಿ. ಮುಟ್ಟಿಸಲು ಕಷ್ಟವಾದರೆ, ಜಿಪ್ ಹಿಡಿಯಲು ಬೆರಳು ಕೇಳದಿದ್ದರೆ ಮೈ ತಣ್ಣಗಾಗುತ್ತಿದೆ ಅಂತ ಅರ್ಥ. ಆಗಲೇ ಒದ್ದೆ ಬಟ್ಟೆ ತೆಗೆದು ಒಣದನ್ನು ಹಾಕಿಕೊಂಡು, ಗಾಳಿಯ ಮರೆಗೆ ಹೋಗಿ ಏನಾದರೂ ತಿನ್ನಿ. ಮೈಯ ಒಳಗಿನ ಬಿಸಿ 35 ಡಿಗ್ರಿಗಿಂತ ಕೆಳಗಿಳಿದರೆ ಯೋಚನೆಯೇ ಮಂಕಾಗುತ್ತದೆ, ಆಮೇಲೆ ಪರೀಕ್ಷೆ ಮಾಡಿಕೊಳ್ಳಬೇಕು ಅನ್ನುವುದೂ ಹೊಳೆಯುವುದಿಲ್ಲ.

ಬಹಿರ್ದೆಸೆಗೆ ಹೋಗುವುದಾದರೆ ನೀರು ಮತ್ತು ದಾರಿಯಿಂದ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಗುಂಡಿ ತೋಡಿ ಮುಚ್ಚಿ. ಬಳಸಿದ ಕಾಗದವನ್ನು ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ.

ಇಳಿಯುವಾಗ

ಕೆಲಸ ಮುಗಿಯಿತು ಅನ್ನಿಸುವುದು ಇಲ್ಲೇ, ಕಾಲು ಉಳುಕುವುದೂ ಇಲ್ಲೇ. ಇಳಿಯಲು ಶುರು ಮಾಡುವ ಮುಂಚೆ ಏನಾದರೂ ತಿನ್ನಿ. ಶೂ ದಾರವನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ. ಉದ್ದ ಹೊಂದಿಸಬಹುದಾದ ಕೋಲಾದರೆ ಅದನ್ನು ಸ್ವಲ್ಪ ಉದ್ದ ಮಾಡಿಕೊಳ್ಳಿ, ಮಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ. ಮಂಡಿ ಸ್ವಲ್ಪ ಬಾಗಿರಲಿ, ಹೆಜ್ಜೆ ಚಿಕ್ಕದಿರಲಿ. ನೋಟ ನೋಡಬೇಕು ಅನ್ನಿಸಿದರೆ ನಿಂತು ನೋಡಿ, ನಡೆಯುತ್ತಾ ಬೇಡ.

ಎಷ್ಟು ಬೆಳಕು ಉಳಿದಿದೆ ಅಂತ ನೋಡಲು ಕೈ ಮುಂದೆ ಚಾಚಿ, ಬೆರಳುಗಳನ್ನು ಅಡ್ಡಲಾಗಿ ದಿಗಂತ ಮತ್ತು ಸೂರ್ಯನ ನಡುವೆ ಹಿಡಿಯಿರಿ. ಒಂದು ಬೆರಳಿಗೆ ಸುಮಾರು 15 ನಿಮಿಷ. ಕಣಿವೆಯಲ್ಲಿ ಇದನ್ನು ನೆಚ್ಚಬೇಡಿ, ಎದುರಿನ ಬೆಟ್ಟ ಸೂರ್ಯನನ್ನು ಬೇಗ ಮರೆಮಾಡುತ್ತದೆ.

ಏನಾದರೂ ಆಗಿಬಿಟ್ಟರೆ

ಬಿದ್ದರೆ, ದಾರಿ ತಪ್ಪಿದರೆ, ಮೊದಲು ಕೂತುಕೊಳ್ಳಿ. ಒಂದು ಗುಟುಕು ನೀರು ಕುಡಿಯಿರಿ. ಎದೆ ಹೊಡೆದುಕೊಳ್ಳುವುದು ನಿಲ್ಲುವವರೆಗೆ ಏನೂ ತೀರ್ಮಾನ ಮಾಡಬೇಡಿ. ಆಮೇಲೆ ಬೆಚ್ಚಗಿನ ಬಟ್ಟೆ ಹಾಕಿಕೊಳ್ಳಿ, ಅಲುಗಾಡದೆ ಕೂತವರಿಗೆ ಬಹಳ ಬೇಗ ಚಳಿ ಹಿಡಿಯುತ್ತದೆ. ಕೆಳಗೆ ಬ್ಯಾಗೋ ಹಗ್ಗವೋ ಹಾಕಿಕೊಂಡು ಕೂತರೆ ನೆಲದ ತಂಪು ಮೈಗೆ ಹತ್ತುವುದಿಲ್ಲ.

ಬೆಟ್ಟಗಳಲ್ಲಿ ಸಹಾಯ ಕೇಳುವ ಸಂಕೇತ ಹೀಗಿದೆ: ಒಂದು ನಿಮಿಷದಲ್ಲಿ ಆರು ಸಲ ಸೀಟಿ, ಆಮೇಲೆ ಒಂದು ನಿಮಿಷ ಸುಮ್ಮನಿದ್ದು ಮತ್ತೆ ಆರು. ರಾತ್ರಿಯಾದರೆ ಬೆಳಕಿನಿಂದ ಹೀಗೇ ಮಾಡಿ. ಉತ್ತರವಾಗಿ ನಿಮಿಷಕ್ಕೆ ಮೂರು ಸಲ ಕೇಳಿಬರುತ್ತದೆ. ಉತ್ತರ ಸಿಕ್ಕಿತು ಅಂತ ನಿಲ್ಲಿಸಬೇಡಿ, ಅವರು ನಿಮ್ಮನ್ನು ಕಣ್ಣಾರೆ ನೋಡುವವರೆಗೆ ಊದುತ್ತಿರಿ. ಉತ್ತರ ಅಮೆರಿಕದಲ್ಲಿ ಮೂರು ಸಲ ಊದುವುದೇ ಸಹಾಯದ ಕರೆ.

ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕಡೆ ಬಾವು ಬರುವ ಮುಂಚೆ ಉಂಗುರ, ಗಡಿಯಾರ ತೆಗೆದು, ಆದಷ್ಟು ಅಲುಗಾಡದೆ ಇದ್ದು ಸಹಾಯ ಕರೆಯಿರಿ.

ವಾಪಸ್ ಬಂದ ಮೇಲೆ

ಮೊದಲ ಫೋನ್ ಚೀಟಿ ಇಟ್ಟುಕೊಂಡವರಿಗೆ. ಸ್ನಾನ, ಊಟ ಎಲ್ಲ ಆಮೇಲೆ. ನೀವು ಮರೆತು ಮಲಗಿದರೆ ಹುಡುಕಲು ಜನ ಹೊರಟಿರುತ್ತಾರೆ.

ರಾತ್ರಿ ಆ ನಕ್ಷೆಯನ್ನೇ ಇನ್ನೊಮ್ಮೆ ಬಿಡಿಸಿ. ಬರೆದಿದ್ದ ಪ್ರತಿ ಸಮಯದ ಪಕ್ಕ ನಿಜವಾಗಿ ತಲುಪಿದ ಸಮಯ ಬರೆಯಿರಿ. ಏರಿನಲ್ಲಿ ತಡವಾಯಿತಾ, ಇಳಿಯುವಾಗಲಾ? ನೀರು ಉಳಿಯಿತಾ, ಸಾಲದೇ ಹೋಯಿತಾ? ತೀರಾ ಹಿಂದೆ ಬಿದ್ದಿದ್ದರೆ ಮುಂದಿನ ಸಲ ಕಾಲು ಭಾಗದ ಬದಲು ಮೂರನೇ ಒಂದು ಭಾಗ ಸೇರಿಸಿ ಲೆಕ್ಕ ಹಾಕಿ. ಮೂರ್ನಾಲ್ಕು ಸಲ ಹೀಗೆ ಬರೆದಾಗ ನೇಸ್ಮಿತ್ ಲೆಕ್ಕದ ಜಾಗದಲ್ಲಿ ನಿಮ್ಮದೇ ಕಾಲಿನ ಲೆಕ್ಕ ಸಿಗುತ್ತದೆ. ಖಾಲಿಯಾದ ಅಂಟುಪಟ್ಟಿಯ ಜಾಗಕ್ಕೆ ಹೊಸದನ್ನು ಹಾಕಿ, ಹೆಡ್‌ಲ್ಯಾಂಪ್ ಚಾರ್ಜಿಗೆ ಇಟ್ಟು, ಫಿಲ್ಟರ್ ಒಣಗಲು ಬಿಟ್ಟು ಮಲಗಿ.